ಅವಳೊಬ್ಬಳಿಗೇ ಇಟ್ಟ ಸೋಪು

ಒಂದನೇ ಕ್ಲಾಸಿನ ಮೇಡಂ ಇಡೀ ಕ್ಲಾಸಿನ ಎದುರು ಒಬ್ಬ ಹುಡುಗಿಯನ್ನು ಎಬ್ಬಿಸಿ, "ನಿಮ್ಮಮ್ಮ ಆಸ್ಪತ್ರೆಯ ಕೊಳೆ ಬಟ್ಟೆ ಒಗೆಯೋಳಲ್ವಾ? ಕೈ ತೊಳ್ಕೊಂಡು ಬಂದು ಪುಸ್ತಕ ಮುಟ್ಟು" ಎಂದರು. ಮರುದಿನ ಗೇಟಿನ ಪಕ್ಕದ ನಲ್ಲಿಯ ಹತ್ತಿರ ಅವಳಿಗೆಂದೇ ಒಂದು ಸೋಪು ಬಂತು.

ಮನೆಯಲ್ಲಿ ಅವಳ ಅಡ್ಡಹೆಸರು ಚಿನಕುರುಳಿ. ಬಾಯಿ ಬಿಟ್ಟರೆ ಚಟಪಟ. ಈಗ ಮಾತೆಲ್ಲ ಉಡುಗಿ, ಹೊತ್ತು ಮೂಡಿದರೆ ನಲ್ಲಿಯ ಸದ್ದು. ಬಾಗಿಲು ಮುಟ್ಟಿದರೆ ತೊಳೆಯಬೇಕು. ತೊಳೆದಾದ ಮೇಲೆ ನಲ್ಲಿ ತಿರುಗಿಸಿದ್ದಕ್ಕೆ ಮತ್ತೆ ತೊಳೆಯಬೇಕು. ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು.

"ಅಮ್ಮಾ, ಕೊಳೆ ಹೋಯ್ತಾ?"

"ಹೋಯ್ತು ಕಣೇ."

"ನಿಜವಾಗ್ಲೂ?"

"ನಿಜವಾಗ್ಲೂ, ನನ್ನವ್ವ."

ಆಸ್ಪತ್ರೆಯ ಲಾಂಡ್ರಿಯಲ್ಲಿ ಅದೊಂದು ರೂಢಿ. ಪಾಳಿ ಮುಗಿದ ಹೆಂಗಸರು ಕೈ ತೊಳೆದು ಸಾಲಾಗಿ ನಿಲ್ಲುತ್ತಾರೆ. ಒಬ್ಬಳ ಕೈಯನ್ನು ಇನ್ನೊಬ್ಬಳು ತಿರುಗಿಸಿ ನೋಡಿ "ಹೋಯ್ತು" ಎಂದರೇನೇ ಬಾಗಿಲು ದಾಟುವುದು. ತಾಯಿ ಆ ಮಾತನ್ನು ಹಾಗೇ ಮನೆಗೆ ತಂದಿದ್ದಳು, ಮಗಳಿಗೆ ಧೈರ್ಯವಾಗಲಿ ಎಂದು.

"ಅದೇ ತಪ್ಪಾಗಿರೋದು," ಎಂದರು ಮಕ್ಕಳ ಮನಸ್ಸಿನ ಡಾಕ್ಟರು. "ನೀವು 'ಹೋಯ್ತು' ಅಂದಾಗಲೆಲ್ಲ ಭಯಕ್ಕೆ ತುತ್ತು ಇಟ್ಟ ಹಾಗೆ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಳ್ಲಾ ಡಾಕ್ಟ್ರೇ?"

"ಪಕ್ಕದಲ್ಲಿ ಕೂತು 'ಭಯ ಆಗ್ತಿದೆ ಅಲ್ವಾ, ನಾನಿದ್ದೀನಿ' ಅನ್ನಿ. ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗಿ ಬಂದ್ಮೇಲೆ ಎಲ್ಲರ ಹಾಗೆ ತೊಳೀಲಿ. ಮಿಕ್ಕಿದ್ದನ್ನ ಸ್ವಲ್ಪ ಸ್ವಲ್ಪವೇ ತಡ ಮಾಡಿ. ಭಯ ತಾನಾಗೇ ಇಳಿಯೋದನ್ನ ಅವಳೇ ನೋಡ್ಬೇಕು."

ಭಯಕ್ಕೊಂದು ಹೆಸರಿಡು ಎಂದು ಡಾಕ್ಟರು ಹೇಳಿದಾಗ ಮಗು ಅದಕ್ಕೆ ಗೊಣಗಪ್ಪ ಎಂದಿತು.

ಆ ಸಂಜೆ ಗೊಣಗಪ್ಪ ಮನೆಯನ್ನೇ ತಲೆ ಮೇಲೆ ಹೊತ್ತುಕೊಂಡ. "ಹೋಯ್ತು ಅನ್ನು! ಅನ್ನಮ್ಮಾ!" ಎಂದು ಮಗು ನೆಲಕ್ಕೆ ಕಾಲು ಬಡಿಯಿತು. "ನೀನು ಕೆಟ್ಟ ಅಮ್ಮ!"

"ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೇ?" ಎಂದು ಅಜ್ಜಿ ಸಿಡುಕಿದಳು.

ತಾಯಿಯ ನಾಲಗೆ ತುದಿಗೆ ಬಂದ ಮಾತು ಅಲ್ಲೇ ಉಳಿಯಿತು. "ನಾನಿದ್ದೀನಿ" ಎಂದಷ್ಟೇ ಅಂದಳು. ಅತ್ತು ಅತ್ತು, ಬಿಕ್ಕುತ್ತಾ, ಮಗು ತೊಳೆಯದ ಕೈಯಲ್ಲೇ ಅವಳ ಸೆರಗು ಹಿಡಿದು ನಿದ್ದೆಹೋಯಿತು.

ಬೆಳಿಗ್ಗೆ ಗೇಟಿನ ಬಳಿ ಮೇಡಂ ನಿಂತಿದ್ದರು. "ಕೈ ತೊಳೆಸಿ ಕಳಿಸಮ್ಮ."

"ಹೀಗೆ ತೊಳೆಸಬಾರದು ಅಂತ ಡಾಕ್ಟ್ರು ಹೇಳಿದ್ದಾರೆ, ಮೇಡಂ. ಕೈ ನೋಡಿ, ಹೇಗೆ ಬಿರಿದಿದೆ."

"ಡಾಕ್ಟ್ರು ಬಂದು ಪಾಠ ಮಾಡ್ತಾರಾ? ಬೇರೆ ಮಕ್ಕಳಿಗೆ ಏನಾದ್ರೂ ಅಂಟಿದ್ರೆ?"

"ಹಾಗಾದ್ರೆ ಎಲ್ಲರ ಕೈಯನ್ನೂ ತೊಳೆಸಿ. ಇವಳೂ ಸಾಲಲ್ಲಿ ನಿಲ್ತಾಳೆ."

"ಅವರ ಅಮ್ಮಂದಿರು ನಿನ್ನ ಕೆಲಸ ಮಾಡ್ತಾರೇನು?"

ಲಾಂಡ್ರಿಯಲ್ಲಿ ಪಾಳಿ ಶುರುವಾಗುವ ಹೊತ್ತು. ಮಗು ನಲ್ಲಿಯನ್ನೇ ನೋಡುತ್ತಾ ಅವಳ ಕೈ ಜಗ್ಗುತ್ತಿತ್ತು. "ಅಮ್ಮಾ, ತೊಳ್ಕೊಂಡ್ಬಿಡ್ತೀನಿ. ಗೊಣಗಪ್ಪ ಬಂದಿದ್ದಾನೆ."

"ಬರ್ಲಿ. ನಾನಿದ್ದೀನಿ."

"ತೊಳೆಸು, ಇಲ್ಲಾ ವಾಪಸ್ ಕರ್ಕೊಂಡು ಹೋಗು," ಎಂದರು ಮೇಡಂ.

ತಾಯಿ ಗೇಟಿನ ನಟ್ಟನಡುವೆ ಕುಕ್ಕರಿಸಿ, ಮಗುವನ್ನು ತೊಡೆಗೆಳೆದುಕೊಂಡಳು.

"ತೊಳೆಸೋದೂ ಇಲ್ಲ, ಹೋಗೋದೂ ಇಲ್ಲ."