ಎಲ್ಲ ಹವೆಗೂ ಆಗುವ ಜಾಕೆಟ್

ಶಿವರುದ್ರಪ್ಪನ ಕೈಯಲ್ಲಿ ಉಳಿದಿದ್ದವು ಒಂಬತ್ತೇ ದಿನ. ಜೂನ್ ತಿಂಗಳ ಮೊದಲ ಸೋಮವಾರ ಮಗಳು ಶೀತಲ್ ಹೊಸ ಕೆಲಸಕ್ಕೆ ಹಾಜರಾಗಬೇಕಿತ್ತು. ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಆಗಷ್ಟೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಕೆಟ್ಟಾಗ ಹೋಗಿ ರಿಪೇರಿ ಮಾಡುವ ಕೆಲಸ ಅದು. ಓಡಾಡಲು ಕಂಪನಿ ಕೊಟ್ಟಿದ್ದು ಒಂದು ಮೋಟರ್ ಸೈಕಲ್. ಇವತ್ತು ಬಯಲುಸೀಮೆಯ ದೌಂಡ, ನಾಳೆ ಭೋರದ ಘಾಟು, ನಾಡಿದ್ದು ಮುಳಶಿಯ ಆಚೆ. ಸುಡುವ ಬಿಸಿಲಲ್ಲಿ ಮನೆ ಬಿಟ್ಟವಳು ಮಧ್ಯಾಹ್ನದ ಹೊತ್ತಿಗೆ ಮುಂದಿನ ದಾರಿಯೇ ಕಾಣದ ಮಳೆಯಲ್ಲಿ ಇರಬಹುದು.

ಬೇಡ ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಎರಡು ವರ್ಷದ ಹಿಂದೆ ಮಗ ಸಂಜು ಸೋಲಾಪುರ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಆಗ ಅವನಿಗೆ ಇಪ್ಪತ್ತಮೂರು. ಅಂದಿನಿಂದ ಪಿಂಪ್ರಿಯ ಆ ಎರಡು ಕೋಣೆಯ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವುದೇ ನಿಂತುಹೋಗಿತ್ತು. ಹೆಂಡತಿ ಬಸವಣ್ಣೆವ್ವ ಹೇಳಿದ್ದು ಇಷ್ಟೇ: "ಕೂಸುಗೋಳ ಜೀವದ ಕೆಲಸ ಅಂತಾಳ. ಹೆಂಗ ಬ್ಯಾಡ ಅನ್ನೂದ್ರಿ? ಆದ್ರ ಮೈಮ್ಯಾಲೆ ಏನರ ಗಟ್ಟೀದು ಹಾಕಿ ಕಳಸ್ರಿ."

ಆ ಮಾತು ಶಿವರುದ್ರಪ್ಪನ ತಲೆಯೊಳಗೆ ಕೂತುಬಿಟ್ಟಿತು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಬ್ಬಿಣ ಉಜ್ಜಿದವನು ಅವನು. ಯಾವುದು ಎಷ್ಟು ಗಟ್ಟಿ ಎಂದು ಬೆರಳಿಂದ ಮುಟ್ಟಿ ಹೇಳಬಲ್ಲವನು.

ರೈಡಿಂಗ್ ಸೂಟು ಮಾರುವ ಅಂಗಡಿ ಚಿಂಚವಾಡದಲ್ಲಿತ್ತು. ಮಾಲೀಕ ಲತೇಶ್ ನಿಪ್ಪಾಣಿ ಕಡೆಯವನು. ಬಂದವರು ಕನ್ನಡದವರೆಂದು ತಿಳಿದದ್ದೇ ಮರಾಠಿ ಬಿಟ್ಟು ಕೇಳಿದ: "ಯಾವ ಸೀಝನ್‌ಕ್ಕ ಬೇಕ್ರಿ ಕಾಕಾ?"

ಶಿವರುದ್ರಪ್ಪ ತೂಗುಹಾಕಿದ್ದ ಜಾಕೆಟ್ಟುಗಳ ಕಡೆ ನೋಡಿದ. ಹಿಂದೆ ಇನ್ನೊಂದು ಅಂಗಡಿಯಲ್ಲಿ ಇನ್ಯಾರೋ ಇದೇ ಪ್ರಶ್ನೆ ಕೇಳಿದ್ದರು. "ಎಲ್ಲಾದಕ್ಕೂ ನಡಿಯೂವಂಥಾದ್ದು ಕೊಡ್ರಿ" ಎಂದು ಹೇಳಿ, ಒಳಗೆ ದಪ್ಪ ಅಸ್ತರು ಇದ್ದ ಮಳೆಜಾಕೆಟ್ಟನ್ನು ಸಂಜುವಿಗೆ ತಾನೇ ಆರಿಸಿ ತಂದಿದ್ದ.

"ಎಲ್ಲಾದ್ರಾಗ ಗಟ್ಟಿ ಯಾವುದು, ಅದನ್ನ ತೋರಸ್ರಿ," ಅಂದ.

"ಗಟ್ಟಿ ಅಂದ್ರ ಲೆದರ್. ಆದ್ರ ಬ್ಯಾಸಿಗ್ಯಾಗ ಕುದೀತೈತ್ರಿ. ಮಳ್ಯಾಗ ನೀರು ಕುಡದು ಭಾರ ಆಕ್ಕೈತಿ. ಜಾಳಗಿ ಬಟ್ಟೀದು ತಂಪ, ಆದ್ರ ಗಟ್ಟಿ ಕಮ್ಮಿ. ಒಂದು ಸಿಕ್ರ ಒಂದು ಬಿಡಬೇಕಾಕ್ಕೈತಿ ನೋಡ್ರಿ."

ಬಿಡುವ ಮಾತೇ ಅವನಿಗೆ ಬೇಡವಾಗಿತ್ತು. ಲತೇಶನ ಹತ್ತಿರ ಸ್ಯಾಂಪಲ್ ಬಟ್ಟೆಯ ತುಂಡುಗಳನ್ನು ಕೇಳಿ ತೆಗೆದುಕೊಂಡ. ಮರುದಿನ ಊಟದ ಬಿಡುವಿನಲ್ಲಿ, ಕಾರ್ಖಾನೆಯಲ್ಲಿ ಯಾರೂ ಇಲ್ಲದಾಗ, ಒಂದೊಂದೇ ತುಂಡನ್ನು ಮರದ ಹಲಗೆಗೆ ಬಿಗಿದು ಓಡುತ್ತಿದ್ದ ಗ್ರೈಂಡರ್ ಬೆಲ್ಟಿಗೆ ಒತ್ತಿ ಹಿಡಿದು ಎಣಿಸಿದ. ತನ್ನ ಹಳೆಯ ಅಂಗಿಯ ತುಂಡು ಒಂದು ಎನ್ನುವಷ್ಟರಲ್ಲಿ ಇಲ್ಲವಾಯಿತು. ಜೀನ್ಸು ಒಂದರ ಮೇಲೆ ಸ್ವಲ್ಪ ತಡೆಯಿತು. ಬಲೆಯಂಥ ಜಾಳಿಗೆ ಬಟ್ಟೆ ಎರಡು ಎನ್ನುವುದರೊಳಗೆ ಕರಗಿ ಹಲಗೆಗೆ ಅಂಟಿತು. ಚರ್ಮ ಮಾತ್ರ ಐದಾಯಿತು, ಆರಾಯಿತು, ಹಾಗೇ ಇತ್ತು. ಅವನು ಮಶೀನು ನಿಲ್ಲಿಸಿ ಗೋಡೆಗೆ ಒರಗಿದ. ಸುಟ್ಟ ವಾಸನೆ ಮೂಗಿನಿಂದ ಹೋಗಲೊಲ್ಲದು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ನೋಡಿದ್ದ ಸಂಜುವಿನ ಬೆನ್ನು ಕಣ್ಣ ಮುಂದೆ ಬಂತು.

ಶುಕ್ರವಾರ ಚರ್ಮದ ಸೂಟು ಮನೆಗೆ ಬಂತು. ಶೀತಲ್ ಅದನ್ನು ಎರಡು ಕೈಯಲ್ಲಿ ಎತ್ತಿ ನೋಡಿದಳು.

"ಅಪ್ಪಾ, ಇದನ್ನ ಹಾಕ್ಕೊಂಡು ದೌಂಡಕ್ಕ ಹ್ವಾದ್ರ ನಾ ದಾರ್ಯಾಗ ತಲಿ ತಿರಗಿ ಬೀಳ್ತೀನಿ."

"ಬಿಸಲು ತಡಕೋಬಹುದವ್ವಾ. ತೊಗಲು ಹ್ವಾದ್ರ ತಡಕೊಳಾಕ ಆಗೂದಿಲ್ಲ."

"ತಡಕೋಬಹುದು ಅಂತ ಯಾರು ಹೇಳಿದ್ರು? ನೀ ಹಾಕ್ಕೊಂಡು ನೋಡೀಯೇನು?"

ಅವಳು ಸಿಟ್ಟಿನಲ್ಲಿ ಕೇಳಿದ್ದಷ್ಟೇ. ಆದರೆ ರಜೆಯಿದ್ದ ಶನಿವಾರ ಮಧ್ಯಾಹ್ನ ಹೆಂಡತಿ ಮಗಳು ಅಡುಗೆಮನೆಯಲ್ಲಿದ್ದಾಗ ಶಿವರುದ್ರಪ್ಪ ಸೂಟನ್ನು ಬಗಲಲ್ಲಿ ಹಿಡಿದು ನಾಲ್ಕು ಮಹಡಿ ಹತ್ತಿ ಟೆರೇಸಿಗೆ ಹೋದ. ಮೈಗೆ ಬಿಗಿಯಾದರೂ ಹೇಗೋ ತೂರಿಸಿಕೊಂಡ. ಜಿಪ್ಪು ಗಂಟಲವರೆಗೆ ಏರಿಸಿ, ಹೆಲ್ಮೆಟ್ಟು ಇಟ್ಟು, ನೀರಿನ ಟಾಕಿಯ ನೆರಳು ಬೀಳದ ಕಡೆ ಕುಕ್ಕರುಗಾಲಲ್ಲಿ ಕೂತ. ದೌಂಡ ತಲುಪಲು ಎರಡು ತಾಸು ಬೇಕು. ತಾನು ಒಂದು ತಾಸು ಕೂತರೆ ಮಗಳಿಗೆ ಹೇಳಲು ಬಾಯಿ ಬರುತ್ತದೆ.

ಹತ್ತು ನಿಮಿಷಕ್ಕೆ ಬೆವರು ಕಣ್ಣಿಗಿಳಿಯಿತು. ಇಪ್ಪತ್ತಕ್ಕೆ ಎದೆ ಡಬಡಬ ಹೊಡೆಯತೊಡಗಿತು. ಒಳಗೆ ಯಾರೋ ಒಲೆ ಹೊತ್ತಿಸಿ ಬಾಗಿಲು ಹಾಕಿಕೊಂಡು ಹೋದಂತಾಯಿತು. 'ಇನ್ನೊಂದೀಟು' ಎಂದುಕೊಂಡ. ಹಲ್ಲು ಕಚ್ಚಿದ. ಎದುರಿನ ಕಟ್ಟಡ ನೀರಲ್ಲಿ ನಿಂತಂತೆ ಅಲುಗಾಡಿತು. ಆಮೇಲೆ ನೋಡುತ್ತಾನೆ, ಅವನ ಬಲಗೈ ತಾನಾಗಿಯೇ ಮೇಲೇರಿ ಜಿಪ್ಪನ್ನು ಹೊಟ್ಟೆಯವರೆಗೆ ಎಳೆದುಬಿಟ್ಟಿದೆ. ಅವನು ಎಳೆಯಬೇಕೆಂದು ಎಳೆದದ್ದಲ್ಲ.

ಸಂಜು ಬೈಕಿನಿಂದ ಬಿದ್ದದ್ದೂ ಮೇ ತಿಂಗಳಲ್ಲೇ. ಸೋಲಾಪುರ ರಸ್ತೆಯ ಯವತದ ಹತ್ತಿರ ಕಬ್ಬಿನ ಹಾಲಿನ ಅಂಗಡಿಯಲ್ಲಿ ನಿಂತವನು ಜಾಕೆಟ್ಟು ಬಿಚ್ಚಿ ಹಿಂದಿನ ಸೀಟಿಗೆ ಕಟ್ಟಿದ್ದ. ಅಲ್ಲಿಂದ ಏಳು ಕಿಲೋಮೀಟರ್ ಮುಂದೆ, ರಸ್ತೆಗೆ ಚೆಲ್ಲಿದ್ದ ಉಸುಕಿನ ಮೇಲೆ ಗಾಡಿ ಜಾರಿತ್ತು. ತಲೆಗೆ ಹೆಲ್ಮೆಟ್ಟು ಇತ್ತು, ಮೈಮೇಲೆ ಬರೀ ಬನಿಯನ್ನಿನಂಥ ಅಂಗಿ. ಪೊಲೀಸರು ಮರಳಿ ಕೊಟ್ಟ ಜಾಕೆಟ್ಟಿನ ಮೇಲೆ ಒಂದು ಗೀರೂ ಇರಲಿಲ್ಲ. ಎರಡು ವರ್ಷ ಶಿವರುದ್ರಪ್ಪ ಮಗನ ಮೇಲೆ ಸಿಟ್ಟು ಹೊತ್ತು ತಿರುಗಿದ್ದ. ಹಾಕಿಕೊಂಡಿದ್ದರೆ ಉಳಿಯುತ್ತಿದ್ದ, ಹೇಳಿದ ಮಾತು ಕೇಳಲಿಲ್ಲ, ಉಡಾಳ. ಈಗ ಬಿಚ್ಚಿದ ಜಿಪ್ಪನ್ನು ನೋಡುತ್ತ ಕೂತವನ ಗಂಟಲಿಂದ ಒಂದು ದನಿ ಬಂತು. ಅದು ತನ್ನದೇ ಎಂದು ಅವನಿಗೆ ಗೊತ್ತಾಗಲಿಲ್ಲ. ಏಳಹೋಗಿ ಸಿಮೆಂಟಿನ ಮೇಲೆ ಬಿದ್ದ.

ಊಟಕ್ಕೆ ಕರೆಯಲು ಹುಡುಕುತ್ತ ಬಂದ ಶೀತಲ್ ಅವನನ್ನು ಎಳೆದು ಟಾಕಿಯ ನೆರಳಿಗೆ ಹಾಕಿದಳು. ಹೆಲ್ಮೆಟ್ಟು ತೆಗೆದು, ನಳದಿಂದ ತಂಬಿಗೆ ತಂಬಿಗೆ ನೀರು ತಲೆಗೆ ಸುರಿದಳು.

"ನಿನಗ ಹುಚ್ಚು ಹಿಡದದ ಏನಪ್ಪಾ? ಅವ್ವಗ ಇನ್ನೊಂದು ಹೆಣ ತೋರಸಬೇಕು ಅಂತ ಮಾಡೀಯೇನು?"

ಅವನು ಮುಖದ ಮೇಲಿನ ನೀರು ಒರೆಸಿಕೊಂಡ. ಆಮೇಲೆ ಅಂದ: "ಸಂಜೂಂದು ತಪ್ಪಿಲ್ಲವ್ವಾ. ಆ ಜಾಕೀಟು ಆರಿಸಿದಾಂವ ನಾನು. ಬ್ಯಾಸಿಗ್ಯಾಗ ಯಾರಿಗೂ ಹಾಕ್ಕೊಳಾಕ ಆಗದಂಥಾದ್ದು ತಂದು ಕೊಟ್ಟು, ಹಾಕ್ಕೊಳ್ಳಿಲ್ಲ ಅಂತ ಅವನ್ನ ಬೈದೆ. ಸತ್ತ ಮ್ಯಾಲೂ ಬೈದೆ."

ಶೀತಲ್ ತಂಬಿಗೆ ಕೆಳಗಿಟ್ಟಳು. ತಪ್ಪು ನಿನ್ನದಲ್ಲ ಎಂದು ಅವಳು ಹೇಳಬಹುದೆಂದು ಅವನು ಕಾದ. ಅವಳು ಒದ್ದೆಯಾದ ಅವನ ತಲೆಯನ್ನು ತನ್ನ ಓಢಣಿಯಿಂದ ಒರೆಸಿದಳು, ಅಷ್ಟೇ.

"ನಾಳೆ ಅಂಗಡಿಗೆ ನಾನೂ ಬರ್ತೀನಿ," ಅಂದಳು. "ಹಾಕ್ಕೊಳ್ಳಾಕಿ ನಾನು. ನನ್ನ ಕೇಳಿ ಆರಸು."

ಲತೇಶ್ ಚರ್ಮದ ಸೂಟನ್ನು ಮರಳಿ ತೆಗೆದುಕೊಂಡ. ಶೀತಲ್ ಹತ್ತಾರು ಜಾಕೆಟ್ಟು ಹಾಕಿ ತೆಗೆದಳು. ಕೊನೆಗೆ ಆರಿಸಿದ್ದರಲ್ಲಿ ಎದೆಗೆ, ಬೆನ್ನಿಗೆ ಗಾಳಿಯಾಡುವ ಜಾಳಿಗೆ ಬಟ್ಟೆ ಇತ್ತು. ಬಿದ್ದರೆ ಮೊದಲು ನೆಲ ತಾಗುವ ಭುಜ, ಮೊಣಕೈಗೆ ದಪ್ಪ ಬಟ್ಟೆ, ಒಳಗೆ ಗಟ್ಟಿ ಪ್ಯಾಡು. ಅಂಥದೇ ಪ್ಯಾಂಟು. ಮಳೆಗೆ ಮೇಲಿಂದ ಹಾಕಿಕೊಳ್ಳುವ ಬೇರೆ ತೆಳು ಸೂಟು. ಶಿವರುದ್ರಪ್ಪ ಅವಳನ್ನು ಅಂಗಡಿಯ ಮುಂದೆ ನಿಂತಿದ್ದ ಬೈಕಿನ ಮೇಲೆ ಕೂರಿಸಿ, ಮೊಣಕಾಲಿನ ಪ್ಯಾಡು ಸರಿಯುವುದೋ ಎಂದು ಕುಕ್ಕರಿಸಿ ಹಿಡಿದು ನೋಡಿದ. ಸರಿಯಲಿಲ್ಲ. ಆದರೆ ಬೆನ್ನಿನ ಜಾಳಿಗೆಯ ಮೇಲೆ ಅವನ ಅಂಗೈ ನಿಂತೇಬಿಟ್ಟಿತು. ಎರಡು ಎಣಿಸುವುದರೊಳಗೆ ಅದು ಏನಾಗುತ್ತದೆಂದು ಅವನಿಗೆ ಗೊತ್ತು.

"ಇದು ತಡಿಯೂದಿಲ್ಲವ್ವಾ," ಅಂದ ಮೆಲ್ಲಗೆ.

"ಗೊತ್ತದ. ಆದ್ರ ಇದನ್ನ ನಾ ಬಿಚ್ಚೂದಿಲ್ಲ."

ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳು ಭೋರದ ಕಡೆ ಹೊರಟಳು. ಬಸವಣ್ಣೆವ್ವ ಹೊಸ್ತಿಲಲ್ಲಿ ನಿಂತು ಹಣೆಗೆ ವಿಭೂತಿ ಹಚ್ಚಿದಳು. ಶಿವರುದ್ರಪ್ಪ ಕೆಲಸಕ್ಕೆ ಹೋಗಲಿಲ್ಲ. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತ. ಹತ್ತು ಗಂಟೆಗೆ ಫೋನು ಹಚ್ಚಿದರೆ ಮರಾಠಿಯ ಹೆಣ್ಣುದನಿ, ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಹತ್ತೂವರೆಗೂ ಅದೇ. ಹನ್ನೊಂದಕ್ಕೂ ಅದೇ. ಹೆಂಡತಿ ಇಟ್ಟ ಚಹಾ ಆರಿ ಕೆನೆ ಕಟ್ಟಿತು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಡಿಯಿತು.

"ಅಪ್ಪಾ, ಮುಟ್ಟೀನಿ. ಘಾಟದಾಗ ಭಾಳ ಮಳಿ. ಎರಡ ಸಲ ಗಾಡಿ ನಿಂದ್ರಿಸಿದೆ. ಅಂಜಿಕಿ ಬಂತು, ಖರೇ ಹೇಳ್ತೀನಿ. ಆಮ್ಯಾಲೆ ಫೋನ್ ಮಾಡ್ತೀನಿ, ಕೂಸು ಐತಿ ಇಲ್ಲೆ."

ಅವನು ಏನೋ ಹೇಳುವುದರೊಳಗೆ ಫೋನು ಕಟ್ಟಾಯಿತು. "ಮುಟ್ಟ್ಯಾಳ," ಎಂದು ಹೆಂಡತಿಗೆ ಹೇಳಿದ. ಬಸವಣ್ಣೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅವನಿಗೆ ಅಳು ಬರಲಿಲ್ಲ. ಮಗಳು ಅದೇ ಘಾಟು ಇಳಿದು ವಾಪಸು ಬರಬೇಕಿತ್ತು. ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಮತ್ತೆ ಕೂತ.