ಮೌಲಾಸಾಬರ ದುಖ್ತರ್

ಗದಗಿನ ಪುಂಡಲೀಕಪ್ಪನ ಪ್ರೆಸ್ಸಿನಲ್ಲಿ ತನ್ನ ಮದುವೆ ಕಾರ್ಡಿನ ಪ್ರೂಫ್ ಕೈಗೆ ಬಂದಾಗ ಮೆಹನಾಜಳಿಗೆ ಮೈಯೆಲ್ಲ ಉರಿದುಹೋಯಿತು. ವರನ ಹೆಸರು ದಪ್ಪಕ್ಷರದಲ್ಲಿತ್ತು, ಬಾಲಕ್ಕೆ ಅವನ ಡಿಗ್ರಿಯೂ ಇತ್ತು. ವಧುವಿನ ಜಾಗದಲ್ಲಿ ‘ಲಕ್ಷ್ಮೇಶ್ವರದ ಮೌಲಾಸಾಬರ ದುಖ್ತರ್’ ಎಂದಷ್ಟೇ. ದುಖ್ತರ್ ಅಂದರೆ ಮಗಳು. ಹೆಸರೇನು ಅಂತ ಕೇಳಿದರೆ ದೇವರೇ ಬಲ್ಲ.

ಹೆಣ್ಣಿನ ಹೆಸರು ಊರೂರಿಗೆ ಹಂಚಬಾರದೆಂಬುದು ಶಿರಹಟ್ಟಿಯ ಬೀಗರ ಮನೆಯ ರೂಢಿ. ಒಕ್ಕಣೆ ಬರೆದು ಕಳಿಸಿದ ವರನ ದೊಡ್ಡಪ್ಪ, ಒಂದಕ್ಷರ ಬದಲಾದರೂ ಸಂಬಂಧವೇ ಬೇಡ ಎನ್ನುವ ಆಸಾಮಿ. ಟೇಲರ್ ಮೌಲಾಸಾಬ ಊರ ಮಂದಿಯ ಅಳತೆಯೆಲ್ಲ ಬಲ್ಲವನು, ಈ ಒಬ್ಬನ ಮುಂದೆ ಮಾತ್ರ ಬಾಯಿ ಸತ್ತವನಾಗುತ್ತಿದ್ದ.

ಹನ್ನೆರಡಕ್ಕೆ ಕರೆಂಟ್ ಹೋಗುತ್ತದೆ, ಜಲ್ದಿ ಸಹಿ ಹಾಕಿ ಎಂದು ಪುಂಡಲೀಕಪ್ಪ ಅವಸರ ಮಾಡಿದ. ಮೌಲಾಸಾಬ ಪೆನ್ನು ತೆಗೆದ. ಮೆಹನಾಜ ಪ್ರೂಫಿನ ಮೇಲೆ ಅಂಗೈ ಊರಿದಳು.

ಎಂ.ಎ. ಪ್ರಬಂಧಕ್ಕೆಂದು ಅವಳು ಎರಡು ವರ್ಷ ಬೆನ್ನು ಹತ್ತಿದ್ದು ಇದೇ ಶಬ್ದವನ್ನು. ಈಗ ಅದನ್ನೇ ಅಪ್ಪನಿಗೆ ಹೇಳತೊಡಗಿದಳು. ಪಾರಸಿಯ ದುಖ್ತರ್, ಸಂಸ್ಕೃತದ ದುಹಿತೃ, ಗ್ರೀಕರ ಥುಗಾತೇರ್, ಜರ್ಮನ್ನರ ಟೊಖ್ಟರ್, ಇಂಗ್ಲಿಷಿನ ಡಾಟರ್, ಎಲ್ಲವೂ ಒಂದೇ ತಾಯಿಯ ಮಕ್ಕಳು. ಐದಾರು ಸಾವಿರ ವರ್ಷಗಳ ಹಿಂದೆ, ಬರಹವೇ ಇಲ್ಲದ ಯಾವುದೋ ಮಂದಿ ತಮ್ಮ ಮಗಳನ್ನು ಕರೆದ ಶಬ್ದ ಹೀಗೆ ಊರೂರು ಅಲೆದು ಈ ಕಾರ್ಡಿಗೆ ಬಂದಿತ್ತು. ಮದುವೆ ಮುರಿಯುವ ಹೊತ್ತಿನಲ್ಲಿ ಪಾಠ ಹೇಳುತ್ತೀಯಾ ಎಂದು ಅಪ್ಪ ಸಿಡುಕಿದ. ಅವಳು ಕೈ ತೆಗೆಯಲಿಲ್ಲ.

“ಅಬ್ಬಾ, ಆ ಶಬ್ದ ನನಗ ಎಲ್ಲಾ ಕಡೆ ಸಿಕ್ತು. ಆದ್ರ ಮೊದಲ ಸಲ ಯಾರನ್ನ ಹಂಗ ಕರದ್ರೋ, ಆಕಿ ಹೆಸರು ಎಲ್ಲೂ ಸಿಗಲಿಲ್ಲ. ನಂದರ ಇರ್ಲಿ.”

ಅಷ್ಟರಲ್ಲಿ ಮೌಲಾಸಾಬನ ಫೋನ್ ರಿಂಗಾಯಿತು. ಶಿರಹಟ್ಟಿಯ ದೊಡ್ಡಪ್ಪ. ಛಾಪಿಸಿದಿರೇನು ಎಂದು ಕೇಳಿದ ದನಿ ಹೊರಗೂ ಕೇಳಿಸಿತು.

“ಒಂದ್ ಹೆಸರು ಬಿಟ್ಟಿತ್ರಿ,” ಅಂದ ಮೌಲಾಸಾಬ. “ಕೂಡಿಸಾಕ ಹತ್ತೀವಿ.”

ಆಮೇಲೆ ಬಹಳ ಹೊತ್ತು ಆ ಕಡೆಯವರದೇ ಮಾತು. ಕಡೆಗೆ ಅವನು ಫೋನ್ ಕೆಳಗಿಟ್ಟ. ಏನಂದರು ಎಂದು ಮಗಳು ಮೆಲ್ಲಗೆ ಕೇಳಿದಳು.

“ವಿಚಾರ ಮಾಡಿ ಹೇಳ್ತಾರಂತ,” ಅಂದ. ಪೆನ್ನನ್ನು ಅವಳ ಕೈಗೆ ಕೊಟ್ಟು ಪುಂಡಲೀಕಪ್ಪನ ಕಡೆ ತಿರುಗಿದ. “ನೀವು ಮಶಿನ್ ಚಾಲೂ ಮಾಡ್ರಿ.”