ನಲವತ್ತು ದಾಟಿದರೆ

“ಬೀಸೇ ಮುಂಡೇದೇ, ಕೈ ಬಿದ್ದೋಗಿದ್ಯಾ? ಅದಕ್ಕೆ ಸೆಕೆ ಆಗ್ತಿದೆ!”

ಮ್ಯಾನೇಜರ್ ಸೆಕೆ ಅಂದದ್ದು ಮನುಷ್ಯರಿಗಲ್ಲ, ಗೋಡೆಯ ಮೇಲಿದ್ದ ಡಬ್ಬಿಗೆ. ಬಣ್ಣ ಬಳಿದ ತಗಡುಗಳನ್ನು ಬೇಯಿಸುವ ಒಲೆ ಎಷ್ಟು ಕಾಯಬೇಕೆಂದು ಹೇಳುವ ಕಂಟ್ರೋಲರ್ ಅದು. ಅದರ ಫ್ಯಾನು ಬೆಳಿಗ್ಗೆ ಕೆಟ್ಟಿತ್ತು. ಹೊಸದು ಬರುವ ತನಕ ರಟ್ಟು ಹಿಡಿದು ಗಾಳಿ ಹಾಕುವ ಭಾಗ್ಯ ಬಜಾರಿಯ ಪಾಲಿಗೆ ಬಂದಿತ್ತು. ಬಾಯಿ ಜೋರೆಂದು ಕಾರ್ಖಾನೆಯವರು ಇಟ್ಟ ಹೆಸರದು. ಕಟ್ಟಿಕೊಂಡ ಗಂಡನಿಗೂ ಅವಳು ಒಂದು ದಿನವೂ ಹೀಗೆ ಗಾಳಿ ಬೀಸಿದವಳಲ್ಲ.

ಹತ್ತು ಹೆಜ್ಜೆ ಆಚೆ, ಒಲೆಯ ಬಾಯಲ್ಲಿ, ಅವಳ ಅಣ್ಣನ ಹೆಂಡತಿ ಸುಡುವ ತಗಡು ಎಳೆಯುತ್ತಿದ್ದಳು. ಆರು ತಿಂಗಳ ಬಸುರಿ. ನಿನ್ನೆ ಅಲ್ಲೇ ತಲೆಸುತ್ತಿ ಬಿದ್ದಿದ್ದಳು.

“ಸಾರ್, ಫ್ಯಾನ್ ತರಿಸೋವಾಗ ಒಲೆ ಹತ್ರನೂ ಒಂದು ಹಾಕ್ಸಿ. ಅತ್ತಿಗೆ ಇನ್ನೊಂದ್ಸಲ ಬಿದ್ರೆ ಎರಡು ಜೀವ ಹೋಗ್ತವೆ.”

“ತಿನ್ನದೆ ಬಂದ್ರೆ ಬೀಳದೆ ಇನ್ನೇನು? ಸೆಕೆಗೇ ಬಿದ್ಲು ಅಂತ ಅಳೆದು ನೋಡಿದ್ಯಾ? ಈ ಡಬ್ಬಿ ನಲವತ್ತು ಡಿಗ್ರಿ ದಾಟಿದ್ರೆ ಕೆಡುತ್ತೆ ಕಣೇ. ನಿಮ್ಮ ಎಮ್ಮೆ ಚರ್ಮಕ್ಕೆ ಏನಾಗುತ್ತೆ?”

ಬಜಾರಿಯ ಮೈ ಉರಿದುಹೋಯಿತು. ಬಾಯಿ ಬಿಟ್ಟರೆ ಅತ್ತಿಗೆಯ ಕೆಲಸಕ್ಕೇ ಸಂಚಕಾರವೆಂದು ನುಂಗಿಕೊಂಡಳು.

ಡಬ್ಬಿಯ ಅಲಾರಂ ಹೊಂದಿಸಲು ಬಂದಿದ್ದ ಇಂಜಿನಿಯರ್ ಕಿಸಕ್ಕನೆ ನಕ್ಕ. ನಗುತ್ತಲೇ ಮ್ಯಾನೇಜರ್‌ಗೆ ವಿವರಿಸಿದ. ಒಲೆ ಇನ್ನೂರಹತ್ತು ದಾಟಿದರೆ ಮೊದಲನೆಯ ಅಲಾರಂ ಕೂಗುತ್ತದೆ. ಎರಡನೆಯದಕ್ಕೂ ಉದ್ದದ ತಂತಿ ಇದೆ, ತುದಿಯಲ್ಲಿ ಶಾಖ ಅಳೆಯುವ ಕಡ್ಡಿ ಇದೆ, ಸದ್ಯಕ್ಕೆ ಬೇಡವೆಂದು ಸುತ್ತಿಟ್ಟಿದೆ. ಯಾವುದು ಕೂಗಿದರೂ ಒಲೆ ಆರುತ್ತದೆ. ಎರಡನೆಯದನ್ನು ಹಾಕುವುದು ಹೇಗೆಂದು ತೋರಿಸಿ, ಮತ್ತೆ ಅದನ್ನು ಆರಿಸಿಟ್ಟ.

“ಒಂದ್ಸಲ ಕೂಗಿದ್ರೆ ತಾನಾಗಿ ನಿಲ್ಲಲ್ಲ ಸಾರ್. ಶಾಖ ಇಳೀಬೇಕು, ಯಾರಾದ್ರೂ ಬಂದು ಗುಂಡಿನೂ ಒತ್ಬೇಕು. ಇಲ್ದಿದ್ರೆ ಈ ಕತ್ತೆಗಳು ಕಿವಿ ಮುಚ್ಕೊಂಡು ಕೂತಿರ್ತವೆ.”

ಕತ್ತೆ ಗಾಳಿ ಬೀಸುತ್ತಾ ಅವನ ಬೆರಳನ್ನೇ ನೋಡುತ್ತಿತ್ತು. ಪರದೆಯ ಅಕ್ಷರ ಅವಳಿಗೆ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಪರದೆಯ ಬೀಗ ತೆಗೆಯಲು ಅವನು ಒತ್ತಿದ ಸಂಖ್ಯೆ ಒಂದು ಎರಡು ಮೂರು ನಾಲ್ಕು. ಇಷ್ಟು ಓದಿದವನಿಗೆ ಇದಕ್ಕಿಂತ ಒಳ್ಳೆಯ ಬೀಗ ಸಿಗಲಿಲ್ಲವಲ್ಲ ಎಂದು ಅಯ್ಯೋ ಅನಿಸಿತು. ಯಾವ ಗುಂಡಿ ಎಷ್ಟು ಸಲ ಎಂದು ಮನಸ್ಸಿನಲ್ಲೇ ಎಣಿಸಿಕೊಂಡಳು.

ಮಧ್ಯಾಹ್ನ ಇಂಜಿನಿಯರ್ ಬೈಕು ಹತ್ತಿ ಹೋದ. ಮ್ಯಾನೇಜರ್ ಊಟಕ್ಕೆ ಕೂತ. ಡಬ್ಬಿ ಬಿಟ್ಟು ಕದಲಬಾರದೆಂದು ಬಜಾರಿಗೆ ಅಪ್ಪಣೆಯಾಗಿತ್ತು. ಅವಳು ಕದಲಿದ್ದು ಹತ್ತೇ ಹೆಜ್ಜೆ. ಸುತ್ತಿಟ್ಟ ತಂತಿ ಬಿಚ್ಚಿ, ಅತ್ತಿಗೆ ನಿಲ್ಲುವ ಜಾಗದ ಮೊಳೆಗೆ ಕಡ್ಡಿಯನ್ನು ನೇತುಹಾಕಿದಳು.

“ಏನೇ ಇದು? ಕೆಲಸ ಹೋಗುತ್ತೆ ಕಣೇ!” ಅತ್ತಿಗೆ ಗಾಬರಿಯಾದಳು.

“ಹೋದ್ರೆ ಹೋಗ್ಲಿ ಅತ್ತಿಗೆ. ಅಳೆದು ನೋಡಿದ್ಯಾ ಅಂದ್ನಲ್ಲ, ಅಳೀತಿದ್ದೀನಿ.”

ಬೀಗ ತೆಗೆದು ಎರಡನೆಯ ಅಲಾರಂಗೆ ನಲವತ್ತು ಎಂದು ಒತ್ತಿದಳು. ಡಬ್ಬಿಗಿದ್ದ ಮರ್ಯಾದೆ ಸಾಕು, ಅದಕ್ಕಿಂತ ಹೆಚ್ಚು ಕೇಳುವ ದುರಾಸೆ ಅವಳಿಗಿರಲಿಲ್ಲ.

ಅಲಾರಂ ಬಡಿದುಕೊಂಡಿತು. ಒಲೆ ಆರಿತು. ತಗಡಿನ ಸಾಲು ನಿಂತಿತು. ಮ್ಯಾನೇಜರ್ ಎಂಜಲು ಕೈಯಲ್ಲೇ ಓಡಿಬಂದು ಗುಂಡಿ ಒತ್ತಿದ. ಮತ್ತೆ ಒತ್ತಿದ, ಗುದ್ದಿದ, ಡಬ್ಬಿಯ ತಾಯಿಯನ್ನೂ ಬೈದ. ಅಲಾರಂ ಆರಿಸಲು ತೋರಿಸಿದ್ದು ನೆನಪಿಗೆ ಬರಲಿಲ್ಲ, ಇಂಜಿನಿಯರ್ ಫೋನ್ ಎತ್ತಲಿಲ್ಲ.

“ಯಾವ ಬೋಳಿಮಗ ಮಾಡಿದ್ದು?”

“ನಾನೇ ಸಾರ್. ತಂತಿ ಕೀಳ್ಬೇಡಿ, ಕಡ್ಡಿ ಕದಲಿಸ್ಬೇಡಿ, ಆಗ್ಲೂ ಕೂಗ್ತಾನೇ ಇರುತ್ತೆ.” ಇದು ನಿಜವೋ ಸುಳ್ಳೋ ಅವಳಿಗೆ ಗೊತ್ತಿರಲಿಲ್ಲ. ಅವನಿಗಂತೂ ಗೊತ್ತಿರಲಿಲ್ಲ.

“ನಿನ್ನನ್ನ ಇವತ್ತೇ ಒದ್ದು ಓಡಿಸ್ತೀನಿ!”

“ಓಡಿಸಿ. ಮೊದ್ಲು ಇದನ್ನ ನಿಲ್ಸಿ. ಅತ್ತಿಗೆ ಹತ್ರ ನಲವತ್ತೇಳಿದೆ, ಏಳು ಇಳೀಬೇಕು.” ಬಜಾರಿ ರಟ್ಟು ಚಾಚಿದಳು. “ಬೀಸಿ.”

ಗೇಟಿನಲ್ಲಿ ಮಾಲು ಒಯ್ಯಲು ಬಂದ ಲಾರಿ ಹಾರ್ನ್ ಹೊಡೆಯುತ್ತಿತ್ತು. ಕೆಲಸದವರೆಲ್ಲ ಕೈಕಟ್ಟಿ ನೋಡುತ್ತಿದ್ದರು. ಯಾರೊಬ್ಬರೂ ಮುಂದೆ ಬರಲಿಲ್ಲ. ಮ್ಯಾನೇಜರ್ ರಟ್ಟು ಕಿತ್ತುಕೊಂಡು ಒಲೆಯ ಬಾಯಿಗೆ ಹೋದ. ಕಡ್ಡಿಗೆ ಗಾಳಿ ಹಾಕತೊಡಗಿದ. ಅಂಗಿ ಬೆನ್ನಿಗೆ ಅಂಟಿತು. ನಲವತ್ತೇಳು ನಲವತ್ತೇಳಾಗಿಯೇ ಇತ್ತು.

ಅತ್ತಿಗೆ ಹೊಟ್ಟೆಯ ಮೇಲೆ ಕೈಯಿಟ್ಟು ಕಡ್ಡಿಯ ಪಕ್ಕ ಬಂದು ನಿಂತಳು. ಕಣ್ಣು ಮುಚ್ಚಿದಳು.

“ಸ್ವಲ್ಪ ಈ ಕಡೆ ಸಾರ್,” ಅಂದಳು.